ಒರಿಜಿನಲ್ ಬೇಕಾ, ಒರಿಜಿನಲ್ ಒರಿಜಿನಲ್ ಬೇಕಾ?

ಕಾರಿಗೆ ವಯಸ್ಸಾಯಿತು ಅನ್ನೋದು ಗೊತ್ತಾಗುವುದು ಆರ್‌ಸಿ ನೋಡಿ ಅಲ್ಲ, ಅಕ್ಕಪಕ್ಕದವರ ಬಾಯಿಂದ. ನಮ್ಮ 2005ರ ಮಾರುತಿ 800 ಒಂದು ಭಾನುವಾರ ಬೆಳಿಗ್ಗೆ ಗೇಟಿನ ಮುಂದಿನ ಹಂಪ್ ಇಳಿಯುವಾಗ, ಮುಂದಿನ ಎಡಚಕ್ರದ ಹತ್ತಿರ ‘ಕಟಕ್’ ಅಂದಿತು. ಮೊದಲ ಮಹಡಿಯ ನಿವೃತ್ತ ಇಂಜಿನಿಯರು ಬಾಲ್ಕನಿಯಿಂದಲೇ “ಲೋವರ್ ಆರ್ಮ್ ಹೋಗಿದೆ” ಅಂದರು. ಇಸ್ತ್ರಿ ಗಾಡಿಯವನು ಇಸ್ತ್ರಿಪೆಟ್ಟಿಗೆ ಎತ್ತಿದ ಕೈಯಲ್ಲೇ “ಶಾಕಪ್ಸರ್ ಸಾರ್” ಅಂದ. ವಾಚ್‌ಮನ್ “ಏನೋ ಬುಷ್ ಇರಬೇಕು” ಅಂದ. ನನ್ನ ಹೆಂಡತಿ “ಮಾರಿಬಿಡಿ ಅಂತ ಹತ್ತು ವರ್ಷದಿಂದ ಬಡಕೋತಿದೀನಿ” ಅಂದಳು. ಮಾರನೇ ದಿನ ಗ್ಯಾರೇಜಿನಲ್ಲಿ ತಿಳಿದ ಪ್ರಕಾರ, ನಾಲ್ವರೂ ಹೇಳಿದ್ದು ಸರಿಯಾಗಿತ್ತು.

ನಮ್ಮ ಮೆಕ್ಯಾನಿಕ್ ಜಾಕ್ ಹಾಕಿ ಗಾಡಿ ಎತ್ತಿದ, ಚಕ್ರವನ್ನು ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದ. ಆರು ವರ್ಷದ ಮಗುವಿನ ಹಾಲುಹಲ್ಲು ಕೂಡ ಅಷ್ಟು ಅಲ್ಲಾಡುವುದಿಲ್ಲ. ಆಮೇಲೆ ಸಿಗರೇಟ್ ಪ್ಯಾಕಿನ ರಟ್ಟು ಹರಿದು, ಕಿವಿ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಟ್ಟ: ‘ಲೋರಾಮ್ 2. ಸಾಕಪ್ಸರ್ ಮುಂದೆ 2. ಬುಸ್ ಪೂರ್ತಿ. ಪೇಡು. ಲೈನ್ರು. ಬ್ರೇಕಾಯಲ್.’ ಇಂಗ್ಲೆಂಡಿನವರು ನೂರು ವರ್ಷ ಕಷ್ಟಪಟ್ಟರೂ ‘ಲೋವರ್ ಆರ್ಮ್’ ಅನ್ನು ಹೀಗೆ ಒಂದೇ ಉಸಿರಿಗೆ ತರಲಾಗಲಿಲ್ಲ. ‘ಸಾಕಪ್ಸರ್’ ಅಂತೂ ಅಪ್ಸರೆಯ ಪುಲ್ಲಿಂಗವೇ ಇರಬೇಕು ಅನಿಸಿತು. ಗಾಡಿಯ ಕೆಳಗಿನಿಂದ ತಲೆ ಹೊರಗೆ ಹಾಕಿ ಮೆಕ್ಯಾನಿಕ್ ಒಂದೇ ಒಂದು ಷರತ್ತು ಹೇಳಿದ: “ಸಾಮಾನು ನೀವೇ ತಂದ್ಕೊಡಿ ಸಾರ್. ನಾನು ತಂದ್ರೆ ನೀವು ನನ್ನ ನಂಬಲ್ಲ, ನೀವು ತಂದ್ರೆ ನಾನು ನಿಮ್ಮನ್ನ ಬೈಬೋದು.”

ಹಳೆಯ ಕಾರಿಗೆ ಬಿಡಿಭಾಗ ಸಿಗುವುದಿಲ್ಲ ಅಂತ ಕೊರಗುವವರಿದ್ದಾರೆ. ಅಂಬಾಸಡರ್, ಪದ್ಮಿನಿ ಇಟ್ಟುಕೊಂಡವರು ಒಂದು ಬುಷ್‌ಗಾಗಿ ಗುಜರಿಯಿಂದ ಗುಜರಿಗೆ ತೀರ್ಥಯಾತ್ರೆ ಮಾಡುತ್ತಾರೆ. ನನ್ನ ಕಷ್ಟ ಅದರ ತಿರುಗು ಮುರುಗು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈ ಕೊಟ್ಟರು. ತಯಾರಿಕೆ ನಿಂತಿದ್ದು 2014ರ ಜನವರಿಯಲ್ಲಿ. ಮೂವತ್ತು ವರ್ಷ ತಯಾರಾದ ಕಾರಿಗೆ ಬಿಡಿಭಾಗ ಮಾಡಲು ಕಲಿಯದವರು ದೇಶದಲ್ಲಿ ಉಳಿದಿಲ್ಲ. ಲೇತ್ ಮಿಷನ್ ಇದ್ದವರೆಲ್ಲ ಬಾಲ್ ಜಾಯಿಂಟ್ ಮಾಡಿದರು, ರಬ್ಬರ್ ಕಾಯಿಸಲು ಬಂದವರೆಲ್ಲ ಬುಷ್ ಮಾಡಿದರು. ಪದ್ಮಿನಿಯವನಿಗೆ ಸಾಮಾನಿನ ಬರ, ನನಗೆ ನೆರೆ. ಎರಡರಲ್ಲೂ ಕುಡಿಯುವ ನೀರು ಸಿಗುವುದು ಕಷ್ಟವೇ.

ಚೀಟಿ ಜೇಬಿಗಿಟ್ಟು ಜೆ.ಸಿ. ರಸ್ತೆಗೆ ಹೋದೆ. ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಚಾಚಿಕೊಂಡ ಈ ರಸ್ತೆಗೆ ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ ಹೆಸರು. ರಾಜರ ಹೆಸರಿನ ರಸ್ತೆಯಲ್ಲಿ ಪ್ರಜೆಗಳು ಸೈಲೆನ್ಸರ್ ಮಾರುತ್ತಾರೆ. ಇದೇ ರಸ್ತೆಯಲ್ಲಿ ರವೀಂದ್ರ ಕಲಾಕ್ಷೇತ್ರವೂ ಇದೆ. ಒಳಗೆ ಸಂಜೆ ಹೊತ್ತು ಟಿಕೆಟ್ ಇಟ್ಟು ನಾಟಕ ಆಡುತ್ತಾರೆ. ಹೊರಗೆ ಅಂಗಡಿ ಕೌಂಟರಿನಲ್ಲಿ ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಬಿಟ್ಟಿ ಆಟ.

ಕೌಂಟರಿನ ಹುಡುಗ ಚೀಟಿ ಓದಲಿಲ್ಲ, ಒಮ್ಮೆ ಕಣ್ಣು ಹಾಯಿಸಿದ. ನನ್ನ ಕಡೆಗೂ ಒಮ್ಮೆ ಕಣ್ಣು ಹಾಯಿಸಿದ. ಆಮೇಲೆ ಕೇಳಿದ:

“ಒರಿಜಿನಲ್ ಬೇಕಾ, ಒರಿಜಿನಲ್ ಒರಿಜಿನಲ್ ಬೇಕಾ?”

ನಾನು ವ್ಯಾಕರಣ ಓದಿದವನು. ದ್ವಿರುಕ್ತಿ ಗೊತ್ತು. ‘ಬೇಗ ಬೇಗ’ ಅಂದರೆ ಇನ್ನೂ ಬೇಗ, ‘ದೊಡ್ಡ ದೊಡ್ಡ’ ಅಂದರೆ ಇನ್ನೂ ದೊಡ್ಡದು. ಆದರೆ ಒಂದೇ ಸಲ ಒರಿಜಿನಲ್ ಅಂದರೆ ಡೂಪ್ಲಿಕೇಟ್ ಅಂತಲೂ, ಎರಡು ಸಲ ಅಂದರೆ ಮಾತ್ರ ಒರಿಜಿನಲ್ ಅಂತಲೂ ಕೇಶಿರಾಜನಾದಿಯಾಗಿ ಯಾರೂ ಹೇಳಿರಲಿಲ್ಲ. ಹುಡುಗ ಸಮಾಧಾನದಿಂದ ಪಾಠ ಮಾಡಿದ. ಒರಿಜಿನಲ್ ಒರಿಜಿನಲ್ ಅಂದರೆ ಕಾರು ಕಂಪನಿಯ ಡಬ್ಬದಲ್ಲಿ ಬರುವುದು. ‘ಕಂಪನಿ’ ಅಂದರೆ ಕಾರು ಕಂಪನಿಗೆ ಸಪ್ಲೈ ಮಾಡುವವರು ತಮ್ಮದೇ ಡಬ್ಬದಲ್ಲಿ ಮಾರುವುದು. ‘ಒರಿಜಿನಲ್’ ಅಂದರೆ ಒರಿಜಿನಲ್ಲಿನ ಹಾಗೆ ಕಾಣುವುದು. ‘ಒರಿಜಿನಲ್ ತರಾನೇ’ ಅಂದರೆ ಹಾಗೆ ಕಾಣದಿರುವುದು. ‘ಲೋಕಲ್’ ಅಂದರೆ ಪ್ರಾಮಾಣಿಕ; ಅದು ತಾನು ಏನೆಂದು ಮುಚ್ಚಿಡುವುದಿಲ್ಲ. “ಎಲ್ಲಾನೂ ಓಡ್ತದೆ ಸಾರ್” ಅಂತ ಮಂಗಳ ಹಾಡಿದ.

ಎಲ್ಲವೂ ಓಡುತ್ತದೆ, ನಿಜ. ನಾನು ಬಂದಿದ್ದು ನಿಲ್ಲುವ ಸಾಮಾನಿಗೆ.

ಈ ಪಾಠದಲ್ಲಿ ಒಂದು ಸತ್ಯವೂ ಇತ್ತು, ಅದನ್ನು ಹೇಳಿಬಿಡುತ್ತೇನೆ. ಕಾರು ಕಂಪನಿಗಳು ಬ್ರೇಕ್ ಪ್ಯಾಡನ್ನಾಗಲಿ ಶಾಕಪ್ಸರನ್ನಾಗಲಿ ಸಾಮಾನ್ಯವಾಗಿ ತಾವೇ ಮಾಡುವುದಿಲ್ಲ. ಬೇರೆಯವರು ಮಾಡಿಕೊಡುತ್ತಾರೆ, ಇವರು ಡಬ್ಬದ ಮೇಲೆ ಹೆಸರು ಹಾಕುತ್ತಾರೆ. ಅದೇ ಮಾಡಿಕೊಟ್ಟವರು ತಮ್ಮ ಹೆಸರಿನ ಡಬ್ಬದಲ್ಲಿ ಮಾರಿದಾಗ ಬೆಲೆ ಎಷ್ಟೋ ಸಲ ಕಡಿಮೆ. ಬುದ್ಧಿ ಇರುವವರು ಕೊಳ್ಳುವುದು ಅದನ್ನೇ. ಆದರೆ ಬುದ್ಧಿ ಇರುವವರು ಜಾಸ್ತಿಯಾದ ಕಡೆ ಅವರಿಗೆಂದೇ ಡೂಪ್ಲಿಕೇಟೂ ತಯಾರಾಗುತ್ತದೆ. ಹುಡುಗ ಎರಡು ಪ್ಯಾಡ್ ಡಬ್ಬಗಳನ್ನು ಮುಂದಿಟ್ಟ. ಒಂದರ ಹೋಲೋಗ್ರಾಮ್ ಮಂಕಾಗಿತ್ತು, ಅಕ್ಷರ ಒಂಚೂರು ಓರೆ. ಇನ್ನೊಂದರದು ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ ಝಗಮಗ. ಯಾವುದು ಅಸಲಿ? “ಮಂಕಾಗಿರೋದು ಸಾರ್” ಅಂದ. “ಅಸಲಿಯವರು ಮಾಲಿಗೆ ಖರ್ಚು ಮಾಡ್ತಾರೆ, ನಕಲಿಯವರು ಡಬ್ಬಕ್ಕೆ ಖರ್ಚು ಮಾಡ್ತಾರೆ.” ಇಷ್ಟು ಚಿಕ್ಕ ವಾಕ್ಯದಲ್ಲಿ ಇಷ್ಟು ದೊಡ್ಡ ವಿಮರ್ಶೆ ನಾನು ಕಲಾಕ್ಷೇತ್ರದ ಒಳಗೂ ಕೇಳಿಲ್ಲ. ಸಾಮಾನು ಹಾಕಿದ ಮೇಲೆ ಖಾಲಿ ಡಬ್ಬವನ್ನು ಹರಿದು ಬಿಸಾಡಬೇಕು ಅಂತಲೂ ಹೇಳಿದ. ಇಡಿಯಾಗಿ ಬಿಸಾಡಿದರೆ ಅದಕ್ಕೂ ಗಿರಾಕಿ ಇದ್ದಾನೆ. ನಾಳೆ ಅದೇ ಡಬ್ಬದೊಳಗೆ ನಕಲಿ ಮಾಲು ಹೊಸ ಸಂಸಾರ ಹೂಡಿರುತ್ತದೆ.

ಮುಂದಿನ ಪ್ರಶ್ನೆ ಇನ್ನೂ ಮೆಲುದನಿಯಲ್ಲಿ ಬಂತು. “ಬಿಲ್ ಬೇಕಾ ಸಾರ್?” 2025ರ ಸೆಪ್ಟೆಂಬರ್ 21ರವರೆಗೆ ಬಿಡಿಭಾಗಗಳ ಮೇಲೆ ಜಿಎಸ್‌ಟಿ ಶೇ. 28ರವರೆಗೆ ಇತ್ತು, ಆಮೇಲೆ 18ಕ್ಕೆ ಇಳಿಯಿತು. 28 ಇದ್ದಾಗ “ಅಷ್ಟೊಂದು ತೆರಿಗೆ ಯಾರು ಕೊಡ್ತಾರೆ” ಅಂತ ಬಿಲ್ ಬೇಡ ಅಂದವರು ನಾವು. 18 ಆದ ಮೇಲೆ “ಅಭ್ಯಾಸ ತಪ್ಪಿಸೋದು ಬೇಡ” ಅಂತ ಬಿಲ್ ಬೇಡ ಅನ್ನುತ್ತೇವೆ. ಬಿಲ್ಲಿಲ್ಲದ ಪ್ಯಾಡಿಗೆ ಗ್ಯಾರಂಟಿ ಕೇಳಿದರೆ ಅಂಗಡಿಯವರು ದೇವರ ಫೋಟೋ ತೋರಿಸುತ್ತಾರೆ. ಅದು ನ್ಯಾಯವೇ. ಬಿಲ್ಲಿಲ್ಲದೆ ಕೊಂಡ ಬ್ರೇಕಿನ ಪೂರ್ತಿ ಜವಾಬ್ದಾರಿ ಆ ದೇವರದೇ.

ಇನ್ನು ಚೌಕಾಸಿ. ಹೋದ ವರ್ಷ ಇದೇ ಕಾರಿಗೆ ಏಳು ಸಾವಿರ ಕೊಟ್ಟು ಸೀಟ್ ಕವರ್ ಹಾಕಿಸಿದ್ದೆ, ಒಂದು ಪೈಸೆ ಕೊಸರದೆ. ಹೊಲಿಗೆಯ ದಾರದ ಬಣ್ಣ ಆರಿಸಲು ಅರ್ಧ ದಿನ ರಜೆ ಹಾಕಿದ್ದೆ. ಮೂರು ಸಾವಿರದ ಸ್ಪೀಕರು, ಆರುನೂರರ ಸೆಂಟಿನ ಬಾಟಲಿ, ನೂರಾರು ರೂಪಾಯಿಯ ಜೋಡಿ ಹಾರ್ನು. ಅಂಥ ನಾನು ಬ್ರೇಕ್ ಪ್ಯಾಡಿನ ಮುಂದೆ ನಿಂತು ನೂರೈವತ್ತು ರೂಪಾಯಿ ಇಳಿಸಲು ಇಪ್ಪತ್ತು ನಿಮಿಷ ವಾದ ಮಾಡಿದೆ. ಕಾರಣ ಸರಳ. ಸೀಟ್ ಕವರ್ ಬೀಗರಿಗೆ ಕಾಣುತ್ತದೆ, ಪ್ಯಾಡು ಬೀಗರಿಗೆ ಕಾಣುವುದಿಲ್ಲ. ನಾವು ಓಡುವುದಕ್ಕೆ ದುಡ್ಡು ಕೊಡುತ್ತೇವೆ, ಮೆರೆಯುವುದಕ್ಕೆ ಸಾಲ ಮಾಡಿಯಾದರೂ ಕೊಡುತ್ತೇವೆ. ನಿಲ್ಲುವುದಕ್ಕೆ ಮಾತ್ರ ಡಿಸ್ಕೌಂಟ್ ಕೇಳುತ್ತೇವೆ. ಹಾರ್ನ್ ಇರುವಾಗ ಬ್ರೇಕ್ ಯಾಕೆ? ಎದುರಿನವನು ಸರಿಯುತ್ತಾನಲ್ಲ!

ಮನೆಗೆ ಬಂದರೆ ಭಾವಮೈದುನ ಕೂತಿದ್ದ. ಅವನಿಗೆ ಗೊತ್ತಿಲ್ಲದ ವಿಷಯ ಇಲ್ಲ, ಅವನದೇ ಕಾರು ಮಾತ್ರ ಇಲ್ಲ. “ಏನ್ ಭಾವ, ಎರಡು ಶಾಕಪ್ಸರ್ ಯಾಕೆ ತಂದ್ರಿ? ಎಡಗಡೇದು ತಾನೆ ಆಯಿಲ್ ಸೋರ್ತಿರೋದು?” ಅಂದ. ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಸವೆದದ್ದು ಹಾಕಿಕೊಂಡು ಒಂದು ಮೈಲಿ ನಡೆದು ಬಾ ಅಂದೆ. ಒಂದೇ ಸಾಲಿನ ಎರಡು ಚಕ್ರಕ್ಕೆ ಶಾಕಪ್ಸರಾಗಲಿ ಪ್ಯಾಡಾಗಲಿ ಜೋಡಿಯಾಗಿಯೇ ಹಾಕಬೇಕು, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಾಗೆ ಎಳೆಯುವ ಕಡೆ ನಮ್ಮೂರಲ್ಲಿ ಯಾವತ್ತೂ ಒಂದು ಟ್ರಾನ್ಸ್‌ಫಾರ್ಮರ್ ಇದ್ದೇ ಇರುತ್ತದೆ.

ಶಾಕಪ್ಸರಿನ ಹೆಸರೇ ಒಂದು ದೊಡ್ಡ ಸುಳ್ಳು ಎಂದೂ ಅವನಿಗೆ ವಿವರಿಸಿದೆ. ಗುಂಡಿಯ ಏಟು ನುಂಗುವುದು ಸ್ಪ್ರಿಂಗು. ಏಟು ನುಂಗಿದ ಸ್ಪ್ರಿಂಗು ಹಬ್ಬದ ದಿನದ ಡೊಳ್ಳಿನವನ ಹಾಗೆ ಕುಣಿಯತೊಡಗುತ್ತದೆ. ಆ ಕುಣಿತ ನಿಲ್ಲಿಸುವುದಷ್ಟೇ ಶಾಕಪ್ಸರಿನ ಕೆಲಸ. ಅದು ಸತ್ತರೆ ಚಕ್ರ ನೆಲ ಬಿಟ್ಟು ಬಿಟ್ಟು ಹಾರುತ್ತದೆ. ನೆಲ ಮುಟ್ಟದ ಚಕ್ರಕ್ಕೆ ಎಷ್ಟೇ ಒರಿಜಿನಲ್ ಒರಿಜಿನಲ್ ಬ್ರೇಕ್ ಹಾಕಿದರೂ ಅದು ನಿಲ್ಲುವುದು ಗಾಳಿಯಲ್ಲಿ. ಅಂದರೆ ಈ ಅಪ್ಸರನೂ ಕೊನೆಗೆ ನಿಲ್ಲುವ ಇಲಾಖೆಯ ನೌಕರನೇ.

ಭಾವಮೈದುನ ಸೋಲಲಿಲ್ಲ, ಫೋನ್ ತೆಗೆದ. ತೂತು ಕೊರೆದ ಡಿಸ್ಕು, ಕೆಂಪು ಬಣ್ಣದ ಕ್ಯಾಲಿಪರ್ ಕವರು, ಗಾಡಿಯನ್ನು ಎರಡು ಇಂಚು ಕೆಳಗಿಳಿಸುವ ಸ್ಪ್ರಿಂಗು. 796 ಸಿಸಿ ಕಾರಿಗೆ ರೇಸಿನ ಬ್ರೇಕು! ನಮ್ಮ ಗಾಡಿ ರೇಸಿಗೆ ಇಳಿದದ್ದು ಒಂದೇ ಸಲ, ಶಿರಾಡಿ ಘಾಟಿಯಲ್ಲಿ ಕಲ್ಲು ತುಂಬಿದ ಲಾರಿಯ ಜೊತೆ. ಲಾರಿ ಗೆದ್ದಿತು. ಸ್ಪ್ರಿಂಗಿನ ಕೆಳಗೆ ‘ಎಲ್ಲಾ ಮಾಡೆಲ್‌ಗೂ ಆಗುತ್ತದೆ’ ಅಂತ ಬರೆದಿತ್ತು. ಮೂವತ್ತು ವರ್ಷದಲ್ಲಿ ಈ ಕಾರಿನ ಮೈ ಬದಲಾಗಿದೆ, ಹಿಂದಿನ ಪಟ್ಟೆ ಸ್ಪ್ರಿಂಗು ಹೋಗಿ ಸುರುಳಿ ಸ್ಪ್ರಿಂಗು ಬಂದಿದೆ. ಎಲ್ಲದಕ್ಕೂ ಆಗುವ ಸಾಮಾನು ಅಂದರೆ ಯಾವುದಕ್ಕೂ ಸರಿಯಾಗಿ ಕೂರದ ಸಾಮಾನು. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ ತರುವುದು ನೇರ ದಾರಿ. ಆದರೆ ನೇರ ದಾರಿಯಲ್ಲಿ ಚರ್ಚೆಗೆ ಏನೂ ಉಳಿಯುವುದಿಲ್ಲವಾದ್ದರಿಂದ ಭಾವಮೈದುನರು ಆ ಕಡೆ ಹೋಗುವುದಿಲ್ಲ.

ಇನ್ನು ಎರಡಿಂಚು ಇಳಿಸುವ ಮಾತು. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ ಹಂಪ್ ಹೇಗಿರಬೇಕು ಅಂತ ನಿಯಮ ಬರೆದಿಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ನಯವಾದ ಬಳುಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹತ್ತಿ ಇಳಿಯುವ ಹಾಗಿರಬೇಕು. ನಮ್ಮ ಬೀದಿಯ ಹಂಪ್ ಹುಟ್ಟಿದ್ದು ಬೇರೆ ರೀತಿ. ಪಕ್ಕದ ಮನೆ ಮೋಲ್ಡಿಂಗ್ ದಿನ ಮಿಕ್ಕಿದ ಕಾಂಕ್ರೀಟನ್ನು ರಾತ್ರಿ ಹನ್ನೊಂದಕ್ಕೆ ರಸ್ತೆಗೆ ಸುರಿದು, ಬೆಳಗಾಗುವಷ್ಟರಲ್ಲಿ ಪ್ರತಿಷ್ಠಾಪನೆ ಮಾಡಿದರು. ಅಗಲ ಎರಡಡಿ, ಎತ್ತರ ಭಕ್ತಿ ಇದ್ದಷ್ಟು. ಅದನ್ನು ಇದ್ದ ಎತ್ತರದಲ್ಲೇ ದಾಟುವಾಗ ಕಾರು ಹೊಟ್ಟೆ ಉಜ್ಜಿಕೊಂಡು ‘ಅಮ್ಮಾ’ ಅನ್ನುತ್ತದೆ. ಇನ್ನೆರಡು ಇಂಚು ಇಳಿಸಿದರೆ ಅಲ್ಲೇ ಮನೆ ಮಾಡಿಕೊಳ್ಳಬೇಕಾಗುತ್ತದೆ. ನಮ್ಮ ಶಾಕಪ್ಸರುಗಳನ್ನು ಕೊಂದವರ ಮೇಲೆ ಕೇಸು ಹಾಕುವುದಾದರೆ ಮೊದಲ ಆರೋಪಿ ಈ ಹಂಪು, ಎರಡನೆಯದು ಇದರ ಪಕ್ಕದ ಗುಂಡಿ. ಎರಡೂ ಒಂದಕ್ಕೊಂದು ಜಾಮೀನು ಕೊಟ್ಟು ಬಿಡಿಸಿಕೊಳ್ಳುತ್ತವೆ.

ಸಾಮಾನು ಹೊತ್ತುಕೊಂಡು ಗ್ಯಾರೇಜಿಗೆ ಹೋದೆ. ಅಲ್ಲಿ ನನ್ನ ವಿದ್ಯಾಭ್ಯಾಸ ಮುಂದುವರಿಯಿತು. ಹಿಂದಿನ ಡ್ರಮ್ ಬಿಚ್ಚಿದ ಹುಡುಗ ಲೈನರಿನ ಕರಿಧೂಳನ್ನು ಬಾಯಿಂದ ‘ಉಫ್’ ಅಂತ ಊದಲು ಹೋದ. ಮೆಕ್ಯಾನಿಕ್ ಅವನ ತಲೆಗೊಂದು ಮೊಟಕಿ ಒದ್ದೆ ಬಟ್ಟೆ ಕೊಟ್ಟ. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೋದರೆ ಬಿಡಿಭಾಗ ಜೆ.ಸಿ. ರಸ್ತೆಯಲ್ಲೂ ಸಿಗುವುದಿಲ್ಲ. ಮುಂದಿನ ಡಿಸ್ಕು ತೆಗೆದು ಅಳತೆಯ ಕ್ಯಾಲಿಪರ್ ಹಿಡಿದ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಡಿಸ್ಕಿನ ಮೇಲೇ ಸಣ್ಣ ಅಕ್ಷರದಲ್ಲಿ ಅಚ್ಚು ಇತ್ತು. ಇಪ್ಪತ್ತು ವರ್ಷ ಅದನ್ನು ಯಾರೂ ಓದಿರಲಿಲ್ಲ. “ಲೇತಿಗೆ ಕೊಟ್ಟು ಒಂದು ಸುತ್ತು ಹೊಡೆಸಿದ್ರೆ ಇನ್ನೂರರಲ್ಲಿ ಮುಗಿಯುತ್ತಲ್ಲ?” ಅಂದೆ. “ಮುಗಿಯುತ್ತೆ ಸಾರ್” ಅಂದ. ಯಾವುದು ಮುಗಿಯುತ್ತದೆ ಅಂತ ನಾನು ಕೇಳಲಿಲ್ಲ. ಎರಡು ಹೊಸ ಡಿಸ್ಕು ತರಲು ಮತ್ತೆ ಹೊರಟೆ.

ವಾಪಸ್ ಬಂದಾಗ ಬ್ರೇಕ್ ಆಯಿಲ್‌ನ ಸರದಿ. ಮನೆಯ ಅಟ್ಟದಲ್ಲಿ ಅರ್ಧ ಬಾಟಲಿ ಇತ್ತು, ಹೋದ ಸಲದ್ದು. ಅದನ್ನು ಎತ್ತಿಕೊಂಡು ಹೋಗಿದ್ದೆ, ಬುದ್ಧಿವಂತನ ಹಾಗೆ. ಮೆಕ್ಯಾನಿಕ್ ಬಾಟಲಿ ನೋಡಿ ನಕ್ಕ. ಬ್ರೇಕ್ ಆಯಿಲ್ ಮಳೆಗಾಲದ ಉಪ್ಪಿನ ಹಾಗೆ: ಮುಚ್ಚಳ ತೆಗೆದರೆ ಗಾಳಿಯ ತೇವವೆಲ್ಲ ಅದರದ್ದೇ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಅದರ ಲೆಕ್ಕ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಒತ್ತಿ ಒತ್ತಿ ಬ್ರೇಕು ಕಾದರೆ ಪೈಪಿನೊಳಗೆ ಆಯಿಲ್ ಕುದ್ದು ಗುಳ್ಳೆ ಏಳುತ್ತದೆ. ಆಮೇಲೆ ಪೆಡಲ್ ಒತ್ತಿದರೆ ಕಾಲು ಬೆಣ್ಣೆಯಲ್ಲಿ ಇಳಿದ ಹಾಗೆ ನೇರ ಕೆಳಗೆ. ಹೊಸ ಡಬ್ಬಕ್ಕೂ ಅಟ್ಟದ ಬಾಟಲಿಗೂ ಇದ್ದ ವ್ಯತ್ಯಾಸ ಒಂದು ಮಸಾಲೆ ದೋಸೆ, ಎರಡು ಕಾಫಿಯ ದುಡ್ಡು.

ನನಗೆ ಬಹಳ ಹಿಡಿಸಿದ್ದು ಕೊನೆಯ ಕೆಲಸ. ಲೋವರ್ ಆರ್ಮ್ ಕೂರಿಸಿ, ಬೋಲ್ಟನ್ನು ಅರ್ಧಕ್ಕೇ ಬಿಗಿದು, ಮೆಕ್ಯಾನಿಕ್ ಗಾಡಿಯನ್ನು ನೆಲಕ್ಕೆ ಇಳಿಸಿಬಿಟ್ಟ. ಆಮೇಲೆ ಮಲಗಿ, ಕೆಳಗೆ ತೂರಿ, ಮೈಯೆಲ್ಲ ಮಸಿ ಮಾಡಿಕೊಂಡು ಪೂರ್ತಿ ಟೈಟ್ ಮಾಡಿದ. ಎತ್ತಿದ್ದಾಗಲೇ ಬಿಗಿದರೆ ಸುಲಭವಲ್ಲವೇ ಅಂದೆ. ಚಕ್ರ ನೇತಾಡುವಾಗ ಬಿಗಿದರೆ ಬುಷ್ಷಿನ ರಬ್ಬರು ಆ ಭಂಗಿಯಲ್ಲೇ ಸೆಟೆದು ಕೂರುತ್ತದೆ. ಗಾಡಿ ಇಳಿದಾಗ ತಿರುಚಿಕೊಂಡು ಆರು ತಿಂಗಳಲ್ಲಿ ಹರಿಯುತ್ತದೆ. “ಆಮೇಲೆ ಎಲ್ಲರೂ ಸಾಮಾನು ಡೂಪ್ಲಿಕೇಟು ಅಂತಾರೆ ಸಾರ್. ಸಾಮಾನು ಒರಿಜಿನಲ್ಲೇ ಇರುತ್ತೆ, ಕೆಲಸ ಡೂಪ್ಲಿಕೇಟ್ ಆಗಿರುತ್ತೆ.” ಜೆ.ಸಿ. ರಸ್ತೆಯ ಯಾವ ಕೌಂಟರಿನಲ್ಲೂ ಈ ಮಾಲು ಡಬ್ಬದಲ್ಲಿ ಬರುವುದಿಲ್ಲ. ವೀಲ್ ಅಲೈನ್‌ಮೆಂಟ್ ಮಾಡಿಸದೆ ಹೊಸೂರು ರಸ್ತೆ ಹತ್ತಬೇಡಿ ಅಂತ ಎಚ್ಚರಿಸಿ ಕಳಿಸಿದ.

ಇಷ್ಟೆಲ್ಲ ಆಗುವಾಗ ಒಂದು ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ ಶುಲ್ಕವನ್ನು 5,000 ರೂಪಾಯಿಯಿಂದ 10,000ಕ್ಕೆ ಏರಿಸಿತು. ಮುದಿ ಗಾಡಿಗಳು ಅಪಾಯಕಾರಿ, ಹಾಗಾಗಿ ಹೆಚ್ಚು ದುಡ್ಡು ಕೊಟ್ಟು ಅಪಾಯಕಾರಿಯಾಗಿರಬಹುದು. ನಾವೂ ಸರ್ಕಾರಕ್ಕೆ ತಕ್ಕ ಪ್ರಜೆಗಳೇ. ತಪಾಸಣೆಯ ಹಿಂದಿನ ದಿನ ಬಾಗಿಲಿಗೆ ಬಣ್ಣ ಹೊಡೆಸುತ್ತೇವೆ, ಟೈರಿಗೆ ಕರಿ ಪಾಲಿಶ್ ಹಚ್ಚುತ್ತೇವೆ. ಆಯುಧಪೂಜೆಗೆ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡುತ್ತೇವೆ. ಬಹಳಷ್ಟು ಗಾಡಿಗಳ ಸಸ್ಪೆನ್ಷನ್ನಿಗೆ ವರ್ಷಕ್ಕೊಮ್ಮೆ ನಡೆಯುವ ಏಕೈಕ ಪರೀಕ್ಷೆ ಅದು. ನಿಂಬೆಹಣ್ಣು ಪಾಸು ಮಾಡಿದರೆ ಮುಂದಿನ ದಸರಾವರೆಗೆ ಯಾರೂ ಕೇಳುವುದಿಲ್ಲ.

ಸಂಜೆ ಗಾಡಿ ಮನೆಗೆ ಬಂತು. ಹಂಪ್ ಇಳಿಯಿತು. ‘ಕಟಕ್’ ಇಲ್ಲ. ಬಾಲ್ಕನಿಯ ಇಂಜಿನಿಯರಿಗೆ ನಿರಾಸೆಯಾಯಿತು. ಹೆಂಡತಿ ಸುತ್ತ ಒಂದು ಪ್ರದಕ್ಷಿಣೆ ಬಂದು, “ಅಷ್ಟು ಸಾವಿರ ಸುರಿದು ಏನ್ರೀ ಮಾಡಿಸಿದ್ರಿ? ಏನೂ ಕಾಣಿಸ್ತಾನೇ ಇಲ್ವಲ್ಲ” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೀಟ್ ಕವರನ್ನು ತೋರಿಸಬಹುದು. ಆಗದೇ ಹೋದ ಅಪಘಾತವನ್ನು ಹೊರಗೆ ತಂದು ತೋರಿಸುವುದು ಹೇಗೆ?

ಸಾಕ್ಷಿ ಸಿಕ್ಕಿದ್ದು ಮರುದಿನ, ಮಿನರ್ವ ವೃತ್ತದ ಹತ್ತಿರ. ಮುಂದಿದ್ದ ಆಟೋ ಎಡಕ್ಕೆ ಕೈ ತೋರಿಸಿ, ಬಲಕ್ಕೆ ತಿರುಗಿ, ನಡುವೆ ನಿಂತಿತು. ನಾನು ಪೆಡಲ್ ಒತ್ತಿದೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಕಾರು ಆಚೀಚೆ ನೋಡದೆ, ಕಿರುಚದೆ, ಇಟ್ಟ ಹೆಜ್ಜೆಯಲ್ಲೇ ನಿಂತಿತು. ಆಟೋಗೂ ನನಗೂ ನಡುವೆ ಎರಡು ಮೊಳ ಜಾಗ. ನಾನು ಮನಸ್ಸಿನಲ್ಲೇ ಮೆಕ್ಯಾನಿಕ್ಕಿಗೆ ಕೈ ಮುಗಿಯುತ್ತಿರುವಾಗ ಹಿಂದಿನಿಂದ ‘ಧಡ್’ ಅಂತ ಸದ್ದಾಯಿತು. ಬೈಕೊಂದು ಬಂದು ಬಂಪರಿಗೆ ಗುದ್ದಿತ್ತು. ಸವಾರನಿಗೆ ಏನೂ ಆಗಿರಲಿಲ್ಲ. ಬೈಕಿನ ಹಾರ್ನು ಇನ್ನೂ ಕೂಗುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅವನು ಕೇಳಿದ: “ಏನ್ ಸಾರ್ ನೀವು, ಹಾಗಾ ಬ್ರೇಕ್ ಹಾಕೋದು?”

ನಿಮಿಷದಲ್ಲಿ ಜನ ಸೇರಿದರು. ಪಂಚಾಯ್ತಿ ಆಯಿತು. ಆಟೋದವನೂ ಇಳಿದು ಬಂದು ಸೇರಿಕೊಂಡ. ಎಲ್ಲರದೂ ಒಂದೇ ತೀರ್ಪು: ತಪ್ಪು ಕಾರಿನವರದೇ, ಅವರು ನಿಂತುಬಿಟ್ಟರು. ನಾನು ಕ್ಷಮೆ ಕೇಳಿ ಒಡೆದ ಹಿಂದಿನ ಲೈಟಿನ ಚೂರು ಆರಿಸಿಕೊಂಡು, ಹತ್ತಿರವೇ ಇದ್ದ ಅಂಗಡಿಗೆ ನಡೆದೆ. ಕೌಂಟರಿನ ಹುಡುಗ ಕೆಂಪು ಚೂರು ನೋಡಿದ, ನನ್ನನ್ನು ನೋಡಿದ, ಗುರುತು ಹಿಡಿದ.

“ಬ್ರೇಕ್ ಲೈಟಾ ಸಾರ್? ಲೋಕಲ್ಲೇ ಸಾಕು ಬಿಡಿ. ಅದನ್ನ ಯಾರು ನೋಡ್ತಾರೆ?”